ಕುದ್ಮುಲ್ ರಂಗರಾಯರು (1859–1928): ಜೀವನ ಮತ್ತು ವಿದ್ಯಾರ್ಥಿ ಸಹಾಯಧನದ ಹಿನ್ನೆಲೆ

ಪುತ್ತೂರು, ಸುಳ್ಯ ಮತ್ತು ಕಡಬ ತಾಲ್ಲೂಕುಗಳ ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳೂ ಅವರ ಪೋಷಕರೂ ಪ್ರತಿ ಶೈಕ್ಷಣಿಕ ವರ್ಷದ ಆರಂಭದಲ್ಲಿ ಕೇಳುವ ಮೊದಲ ಪ್ರಶ್ನೆ, ಯಾವ ವ್ಯಾಸಂಗಕ್ಕೆ ಸರ್ಕಾರದ ಸಹಾಯಧನ ದೊರೆಯುತ್ತದೆ ಎಂಬುದು. ಈ ಪ್ರಶ್ನೆಗೆ ಇಂದು ಸರ್ಕಾರದ ಆದೇಶಗಳೂ ಮಾರ್ಗಸೂಚಿಗಳೂ ಉತ್ತರ ನೀಡುತ್ತವೆ. ಯಾವ ಆದೇಶವೂ ಇಲ್ಲದಿದ್ದ ಕಾಲದಲ್ಲಿ, ಬಡ ಮಗುವನ್ನು ಶಾಲೆಯಲ್ಲಿ ಉಳಿಸಬೇಕಾದರೆ ಅದರ ಮನೆಗೂ ಏನಾದರೂ ಸಲ್ಲಬೇಕೆಂದು ಅರಿತು ತಮ್ಮ ಕೈಯಿಂದಲೇ ಕೊಟ್ಟವರು ಶ್ರೀ ಕುದ್ಮುಲ್ ರಂಗರಾಯರು. ಅರ್ಜಿದಾರರ ತಿಳಿವಳಿಕೆಗಾಗಿ ಅವರ ಜೀವನವನ್ನೂ, ಅದಕ್ಕೆ ಹೊಂದಿಕೊಂಡಂತೆ ಇಂದಿನ ನಿಯಮಗಳನ್ನೂ ಇಲ್ಲಿ ನೀಡಲಾಗಿದೆ.

ಜನನ ಮತ್ತು ಆರಂಭದ ದಿನಗಳು

ರಂಗರಾಯರು 1859ರ ಜೂನ್ 29ರಂದು ಕಾಸರಗೋಡಿನಲ್ಲಿ ಸಾರಸ್ವತ ಬ್ರಾಹ್ಮಣ ಕುಟುಂಬವೊಂದರಲ್ಲಿ ಜನಿಸಿದರು. ತಂದೆ ದೇವಪ್ಪಯ್ಯ, ತಾಯಿ ಗೌರಿ. ಕಾಸರಗೋಡು ಆಗ ಮದರಾಸು ಪ್ರಾಂತ್ಯದ ಕನ್ನಡ ಜಿಲ್ಲೆಗೆ ಸೇರಿತ್ತು. 1956ರ ರಾಜ್ಯ ಪುನರ್ವಿಂಗಡಣೆಯವರೆಗೂ ಮಂಗಳೂರು, ಪುತ್ತೂರು, ಉಡುಪಿಗಳೊಡನೆ ಒಂದೇ ಜಿಲ್ಲೆಯಾಗಿಯೇ ಉಳಿದಿತ್ತು. ಇಂದಿನ ಪುತ್ತೂರು, ಸುಳ್ಯ ಮತ್ತು ಕಡಬ ಪ್ರದೇಶಗಳು ಆ ಕಾಲದಲ್ಲಿ ಉಪ್ಪಿನಂಗಡಿ ತಾಲ್ಲೂಕಿನ ಭಾಗಗಳಾಗಿದ್ದವು.

ತಂದೆಯ ಮರಣದಿಂದ ಸಂಸಾರದ ಭಾರ ಎಳೆಯ ವಯಸ್ಸಿನಲ್ಲೇ ಅವರ ಮೇಲೆ ಬಿತ್ತು. ಉದ್ಯೋಗವನ್ನು ಅರಸಿ ಮಂಗಳೂರಿಗೆ ಬಂದ ಅವರು ಅಲ್ಪ ವೇತನದ ಶಿಕ್ಷಕರಾಗಿ ಸೇರಿದರು. ದುಡಿಯುತ್ತಲೇ ಓದಿ ಮೆಟ್ರಿಕ್ಯುಲೇಷನ್ ಪರೀಕ್ಷೆಯನ್ನೂ, ಬಳಿಕ ಪ್ಲೀಡರ್ ಪರೀಕ್ಷೆಯನ್ನೂ ಮುಗಿಸಿ ಮಂಗಳೂರಿನ ನ್ಯಾಯಾಲಯಗಳಲ್ಲಿ ವಕೀಲ ವೃತ್ತಿಯನ್ನು ಕೈಗೊಂಡರು. ಸಂಬಳಕ್ಕೆ ದುಡಿಯುತ್ತಾ ಪರೀಕ್ಷೆಗೆ ಓದುವುದರ ಕಷ್ಟ ಅವರಿಗೆ ಸ್ವಂತ ಅನುಭವದಿಂದ ತಿಳಿದಿತ್ತು. ಮುಂದೆ ಅವರು ಶಾಲೆಗಳನ್ನು ನಡೆಸಿದ ರೀತಿಯಲ್ಲಿ ಈ ತಿಳಿವು ಎದ್ದು ಕಾಣುತ್ತದೆ. ವಕೀಲರಾಗಿ ಅವರು ಬಡವರ ಮೊಕದ್ದಮೆಗಳನ್ನು ಹಣ ಪಡೆಯದೆ ನಡೆಸುತ್ತಿದ್ದರೆಂಬ ಖ್ಯಾತಿ ಜಿಲ್ಲೆಯಲ್ಲೆಲ್ಲ ಹರಡಿತ್ತು.

ಮಂಗಳೂರಿನಲ್ಲಿ 1870ರಲ್ಲಿ ಬ್ರಹ್ಮ ಸಮಾಜವು ಸ್ಥಾಪನೆಯಾಗಿತ್ತು. ಉಳ್ಳಾಲ ರಘುನಾಥಯ್ಯನವರು ಅದರ ಮುಂದಾಳುಗಳಾಗಿದ್ದರು. ಜಾತಿಭೇದವನ್ನು ಒಪ್ಪದ, ಮೂರ್ತಿಪೂಜೆಯನ್ನು ಬಿಟ್ಟ, ವಿಧವಾ ವಿವಾಹಕ್ಕೂ ಸ್ತ್ರೀಶಿಕ್ಷಣಕ್ಕೂ ಬೆಂಬಲವಿತ್ತ ಈ ಸಮಾಜವನ್ನು ರಂಗರಾಯರು ಸೇರಿದರು. ಸಭೆಯಲ್ಲಿ ಕುಳಿತು ಪ್ರಾರ್ಥನೆ ಮಾಡುವುದರಿಂದಲೇ ತೃಪ್ತರಾಗುವ ಸ್ವಭಾವ ಅವರದಾಗಿರಲಿಲ್ಲ. ಒಪ್ಪಿದ ತತ್ತ್ವವನ್ನು ಮನೆಯಿಂದ ಹೊರಗೆ, ಬೀದಿಯಲ್ಲಿ, ಗುಡ್ಡದ ಬದಿಯ ಕೇರಿಯಲ್ಲಿ ಆಚರಣೆಗೆ ತರಲು ಅವರು ಹೊರಟರು.

ಚಿಲಿಂಬಿಯ ಶಾಲೆ

ಅಸ್ಪೃಶ್ಯರೆಂದು ಕರೆಯಲ್ಪಡುತ್ತಿದ್ದ ಜನರ ಮಕ್ಕಳಿಗೆ ಆಗಿನ ಶಾಲೆಗಳಲ್ಲಿ ಪ್ರವೇಶವಿರಲಿಲ್ಲ. ಸರ್ಕಾರಿ ನಿಯಮವು ಬಾಗಿಲು ಮುಚ್ಚಿರದ ಕಡೆಗಳಲ್ಲಿಯೂ ಊರಿನ ನಡವಳಿಕೆ ಅದನ್ನು ಮುಚ್ಚಿತ್ತು. ಕ್ರೈಸ್ತ ಮಿಷನ್ ಶಾಲೆಗಳು ಈ ಮಕ್ಕಳನ್ನು ಸೇರಿಸಿಕೊಳ್ಳುತ್ತಿದ್ದವು. 1836ರಲ್ಲಿಯೇ ಮಂಗಳೂರಿನಲ್ಲಿ ಶಾಲೆಯನ್ನು ತೆರೆದಿದ್ದ ಬಾಸೆಲ್ ಮಿಷನ್, ಹೆಂಚಿನ ಕಾರ್ಖಾನೆ ಮತ್ತು ನೇಯ್ಗೆಯ ಮೂಲಕ ಉದ್ಯೋಗವನ್ನೂ ಕಲ್ಪಿಸಿತ್ತು. ಆದರೆ ಮತಾಂತರಕ್ಕೆ ಒಪ್ಪದವರಿಗೆ, ಊರಿನಲ್ಲಿ ತಮ್ಮ ಬಂಧುಬಳಗದೊಡನೆಯೇ ಇರಬಯಸುವವರಿಗೆ ಬೇರೊಂದು ದಾರಿ ಬೇಕಾಗಿತ್ತು.

1892ರಲ್ಲಿ ರಂಗರಾಯರು ಮಂಗಳೂರಿನ ಉರ್ವ ಚಿಲಿಂಬಿಯಲ್ಲಿ ಈ ಮಕ್ಕಳಿಗಾಗಿ ಶಾಲೆಯೊಂದನ್ನು ಬಾಡಿಗೆಯ ಮನೆಯಲ್ಲಿ ತೆರೆದರು. ಮಕ್ಕಳು ನಡೆದು ಬರುವ ದಾರಿಯ ಬಗ್ಗೆಯೇ ಸುತ್ತಲಿನವರ ತಕರಾರು ಆರಂಭವಾಯಿತು. ಶಾಲೆಯನ್ನು ಬೇರೆಡೆಗೆ ಸ್ಥಳಾಂತರಿಸಬೇಕಾಯಿತು. ಪಾಠ ಹೇಳಲು ಮೇಲ್ಜಾತಿಯ ಉಪಾಧ್ಯಾಯರು ಮುಂದೆ ಬರಲಿಲ್ಲ. ಕ್ರೈಸ್ತ ಶಿಕ್ಷಕರ ನೆರವನ್ನು ಪಡೆಯಲಾಯಿತು. ರಂಗರಾಯರಿಗೆ ಸ್ವಜಾತಿಯವರಿಂದ ಬಹಿಷ್ಕಾರ ಬಂದಿತು. ನೆಂಟರು ದೂರವಾದರು, ದಿನನಿತ್ಯದ ಕೆಲಸಕ್ಕೆ ಜನ ಸಿಗುವುದೂ ಕಷ್ಟವಾಯಿತು. ಈ ಬಹಿಷ್ಕಾರದ ಭಾರವನ್ನು ಪತ್ನಿ ರುಕ್ಮಿಣಿಯಮ್ಮನವರೂ ಮಕ್ಕಳೂ ಅವರೊಂದಿಗೆ ಹೊತ್ತರೆಂಬುದನ್ನು ಮರೆಯುವಂತಿಲ್ಲ. ಹೊರಗೆ ಸುಧಾರಕನೆನಿಸಿಕೊಂಡವನಿಗೆ ಹೊಗಳಿಕೆಯಾದರೂ ಇರುತ್ತದೆ. ಮನೆಯೊಳಗಿನವರಿಗೆ ಅದೂ ಇರುವುದಿಲ್ಲ.

ಓದು ಕಲಿತ ದಲಿತ ಯುವಕನೊಬ್ಬನಿಗೆ ನ್ಯಾಯಾಲಯದಲ್ಲಿ ಜವಾನನ ಕೆಲಸ ದೊರಕಿಸಿಕೊಟ್ಟಾಗ ವಕೀಲವರ್ಗದಿಂದಲೇ ವಿರೋಧ ಬಂದಿತೆಂಬ ಸಂಗತಿಯನ್ನು ಜಿಲ್ಲೆಯ ಜನ ಇಂದಿಗೂ ಹೇಳುತ್ತಾರೆ. ವಿದ್ಯೆ ದೊರೆತರೆ ಸಾಲದು, ವಿದ್ಯೆಗೆ ತಕ್ಕ ಸ್ಥಾನವನ್ನೂ ದೊರಕಿಸಬೇಕೆಂಬ ಪಾಠ ಅದರಲ್ಲಿತ್ತು.

ದಿನಕ್ಕೆ ಎರಡು ಪೈಸೆ

ಶಾಲೆ ತೆರೆದರೂ ಮಕ್ಕಳು ಬರಲಿಲ್ಲ. ಬಂದವರೂ ನಿಲ್ಲಲಿಲ್ಲ. ಇದಕ್ಕೆ ಕಾರಣ ಸೋಮಾರಿತನವಾಗಲಿ ಓದಿನ ಮೇಲಿನ ತಿರಸ್ಕಾರವಾಗಲಿ ಆಗಿರಲಿಲ್ಲ. ಒಡೆಯರ ದನ ಕಾಯುವ, ಅಡಿಕೆ ಹೆಕ್ಕುವ, ಸೊಪ್ಪು ಹೊರುವ ಎಂಟು ಹತ್ತು ವರ್ಷದ ಮಗು ದಿನದ ಕೊನೆಯಲ್ಲಿ ಮನೆಗೆ ಒಂದಿಷ್ಟು ಅಕ್ಕಿಯನ್ನೋ ಗಂಜಿಯನ್ನೋ ತರುತ್ತಿತ್ತು. ಆ ಮಗು ಶಾಲೆಗೆ ಹೋದರೆ ಮನೆಯ ಒಲೆಗೆ ಅಷ್ಟು ಕಡಿಮೆ. ಮೂಲದಾಳುಗಳಾಗಿ ತಲೆಮಾರುಗಳಿಂದ ಒಬ್ಬನೇ ಒಡೆಯನ ಭೂಮಿಯಲ್ಲಿ ದುಡಿಯುತ್ತಿದ್ದ ಕುಟುಂಬಗಳಲ್ಲಂತೂ ಮಗುವಿನ ದುಡಿಮೆಯೂ ಒಡೆಯನದೇ ಎಂಬ ಭಾವನೆ ನೆಲೆಸಿತ್ತು. ಪುತ್ತೂರು, ಸುಳ್ಯದ ತೋಟಗಳ ಸೀಮೆಯಲ್ಲಿ ಈ ಕಟ್ಟು ಕರಾವಳಿಯ ಪೇಟೆಗಿಂತಲೂ ಬಿಗಿಯಾಗಿತ್ತು.

ರಂಗರಾಯರು ಉಪದೇಶ ಮಾಡಲಿಲ್ಲ, ಲೆಕ್ಕ ಹಾಕಿದರು. ಶಾಲೆಗೆ ಬಂದ ಮಗುವಿಗೆ ದಿನಕ್ಕೆ 2 ಪೈಸೆಯಂತೆ ಕೊಡುವ ವ್ಯವಸ್ಥೆ ಮಾಡಿದರು. ಮಧ್ಯಾಹ್ನ ಶಾಲೆಯಲ್ಲಿಯೇ ಊಟ ನೀಡಿದರು. ಮಗುವಿನ ದುಡಿಮೆಯಿಂದ ಮನೆಗೆ ಬರುತ್ತಿದ್ದುದು ನಿಂತಾಗ ಆಗುವ ನಷ್ಟವನ್ನು ಹೀಗೆ ತುಂಬಿಕೊಟ್ಟರೆ ತಾಯಿತಂದೆಗಳು ಮಗುವನ್ನು ಕಳುಹಿಸುವರೆಂಬ ಅವರ ಊಹೆ ಸರಿಯಾಗಿತ್ತು. ಶುಲ್ಕ ಮಾಫಿ ಮಾಡುವುದು ಒಂದು ಬಗೆಯ ನೆರವು. ಓದುತ್ತಿರುವಷ್ಟು ಕಾಲ ಊಟ, ಬಟ್ಟೆ, ಪುಸ್ತಕಗಳ ಖರ್ಚಿಗೆ ಕೊಡುವುದು ಮತ್ತೊಂದು ಬಗೆಯದು. ಎರಡನೆಯದಿಲ್ಲದೆ ಮೊದಲನೆಯದು ಬಡವನಿಗೆ ನಿಲುಕುವುದಿಲ್ಲ.

ಇಂದಿನ ವಿದ್ಯಾರ್ಥಿವೇತನ ನಿಯಮಗಳಲ್ಲಿ ಈ ಎರಡೂ ಬೇರೆಬೇರೆಯಾಗಿಯೇ ಇವೆ. ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗಾಗಿ ಭಾರತ ಸರ್ಕಾರದ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಯೋಜನೆಯು 1944ರಲ್ಲಿ, ಸ್ವಾತಂತ್ರ್ಯಕ್ಕೆ ಮೊದಲೇ ಆರಂಭವಾಯಿತು. ಅನೇಕ ಬಾರಿ ತಿದ್ದುಪಡಿಯಾದ ಈ ಯೋಜನೆಯ 2021ರ ಮಾರ್ಗಸೂಚಿಯಂತೆ, ವಿದ್ಯಾರ್ಥಿಗೆ ಮರುಪಾವತಿಯಿಲ್ಲದ ಕಡ್ಡಾಯ ಶುಲ್ಕವು ಒಂದು ಭಾಗವಾಗಿಯೂ, ವ್ಯಾಸಂಗ ಭತ್ಯೆಯು ಮತ್ತೊಂದು ಭಾಗವಾಗಿಯೂ ಸಲ್ಲುತ್ತದೆ. ಕುಟುಂಬದ ವಾರ್ಷಿಕ ಆದಾಯವು ರೂ. 2.50 ಲಕ್ಷವನ್ನು ಮೀರಿರಬಾರದೆಂದು ಆ ಮಾರ್ಗಸೂಚಿಯು ವಿಧಿಸಿದೆ. ಎಷ್ಟು ಭತ್ಯೆ ಎಂಬುದು ವಿದ್ಯಾರ್ಥಿಯು ಆಯ್ದುಕೊಂಡ ವ್ಯಾಸಂಗ ಯಾವ ಗುಂಪಿಗೆ ಸೇರಿದೆ ಎಂಬುದರ ಮೇಲೆ ನಿಂತಿದೆ. ಈ ಗುಂಪುಗಳ ವಿವರವನ್ನು ಮುಂದೆ ನೀಡಲಾಗಿದೆ.

ಮಿಷನ್ ಸ್ಥಾಪನೆ

1897ರಲ್ಲಿ ರಂಗರಾಯರು ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂಬ ಸಂಸ್ಥೆಯನ್ನು ಮಂಗಳೂರಿನಲ್ಲಿ ಸ್ಥಾಪಿಸಿದರು. ಮಹಾರಾಷ್ಟ್ರದ ವಿಠ್ಠಲ ರಾಮಜಿ ಶಿಂದೆಯವರು ಅದೇ ಬಗೆಯ ಹೆಸರಿನ ಸಂಸ್ಥೆಯನ್ನು ಮುಂಬಯಿಯಲ್ಲಿ ಆರಂಭಿಸಿದ್ದು 1906ರಲ್ಲಿ. ಅದಕ್ಕೂ ಒಂಬತ್ತು ವರ್ಷ ಮೊದಲೇ, ದೊಡ್ಡ ದಾನಿಗಳ ನಗರವಲ್ಲದ ಮಂಗಳೂರಿನಲ್ಲಿ ಈ ಕೆಲಸ ನೆಲೆಯೂರಿತ್ತು.

ಮಿಷನ್‌ನ ಶಾಲೆಗಳು ಮಂಗಳೂರಿನ ಅತ್ತಾವರ ಬಾಬುಗುಡ್ಡೆ, ಬೋಳೂರು, ದಡ್ಡಲಕಾಡು ಮುಂತಾದ ಕಡೆಗಳಲ್ಲಿಯೂ, ಮುಲ್ಕಿ ಮತ್ತು ಉಡುಪಿಯ ಕಡೆಗೂ ಹರಡಿದವು. ಕೋರ್ಟ್ ಗುಡ್ಡೆಯ ಬಳಿಯ ಶೇಡಿಗುಡ್ಡೆಯು ಮಿಷನ್‌ನ ಕೇಂದ್ರವಾಯಿತು. ಶಾಲೆಗಳಲ್ಲಿ ಹೆಚ್ಚಿನವು ಕರಾವಳಿಯ ಪಟ್ಟಿಯಲ್ಲಿಯೇ ಇದ್ದವೆಂಬುದನ್ನು ಇಲ್ಲಿ ಹೇಳಬೇಕು. ಘಟ್ಟದ ಬುಡದ ಸುಳ್ಯ, ಕಡಬ, ಸುಬ್ರಹ್ಮಣ್ಯದ ಕಡೆ ಮಳೆಗಾಲದಲ್ಲಿ ಹೊಳೆಗಳು ತುಂಬಿದರೆ ದಾಟಲು ಸಂಕವೇ ಗತಿಯಾಗಿದ್ದ ಕಾಲ ಅದು. ಒಬ್ಬ ವಕೀಲನ ಗಳಿಕೆಯಿಂದಲೂ ಮನೆಮನೆಗೆ ತಿರುಗಿ ಕೂಡಿಸಿದ ಚಂದಾಹಣದಿಂದಲೂ ಅಷ್ಟು ದೂರಕ್ಕೆ ಶಾಲೆಗಳನ್ನು ಒಯ್ಯುವುದು ಸಾಧ್ಯವಿರಲಿಲ್ಲ.

ಮದರಾಸು ಸರ್ಕಾರವು 1893ರಲ್ಲಿ ಪಂಚಮರೆಂದು ಕರೆಯಲಾಗುತ್ತಿದ್ದ ಜನರ ಶಿಕ್ಷಣಕ್ಕೆ ವಿಶೇಷ ಅನುಕೂಲಗಳನ್ನು ನೀಡುವ ಆದೇಶವನ್ನು ಹೊರಡಿಸಿತ್ತು. ಆದರೆ ಅನುದಾನದ ವಿಷಯದಲ್ಲಿ ಮದರಾಸು ಪ್ರಾಂತ್ಯದಲ್ಲಿ ಬಹುಕಾಲ ಫಲಿತಾಂಶವನ್ನು ನೋಡಿ ಹಣ ಕೊಡುವ ಪದ್ಧತಿಯಿತ್ತು. ಪರೀಕ್ಷೆಯಲ್ಲಿ ತೇರ್ಗಡೆಯಾದ ಮಕ್ಕಳ ಸಂಖ್ಯೆಯನ್ನು ಆಧರಿಸಿ ಶಾಲೆಗೆ ಹಣ ಸಂದಾಯವಾಗುತ್ತಿತ್ತು. ಹಸಿವಿನಿಂದ ಗೈರುಹಾಜರಾಗುವ ಮಕ್ಕಳ ಶಾಲೆ ಇಂತಹ ಪದ್ಧತಿಯಲ್ಲಿ ಯಾವಾಗಲೂ ಹಿಂದೆ ಬೀಳುತ್ತದೆ. ಹಾಜರಿಗೆ ಮೊದಲು ಹಣ, ಫಲಿತಾಂಶ ಆಮೇಲೆ ಎಂದು ರಂಗರಾಯರು ಅದನ್ನು ತಲೆಕೆಳಗು ಮಾಡಿದ್ದೇ ಅವರ ಶಾಲೆಗಳು ಉಳಿಯಲು ಮುಖ್ಯ ಕಾರಣವೆನ್ನಬಹುದು.

ಶಾಲೆಗಳ ಜೊತೆಗೆ ನೆಲದ ಪ್ರಶ್ನೆಯನ್ನೂ ಅವರು ಕೈಗೆತ್ತಿಕೊಂಡರು. ಒಡೆಯನ ಜಾಗದಲ್ಲಿ ಗುಡಿಸಲು ಹಾಕಿಕೊಂಡವನು ತನ್ನ ಮಗುವನ್ನು ಒಡೆಯನ ಇಚ್ಛೆಗೆ ವಿರುದ್ಧವಾಗಿ ಶಾಲೆಗೆ ಕಳುಹಿಸಲಾರ. ಕಳುಹಿಸಿದರೆ ಗುಡಿಸಲು ಹೋಗುತ್ತದೆ. ಆದುದರಿಂದ ಸರ್ಕಾರದಿಂದ ಜಮೀನು ಪಡೆದು ದಲಿತ ಕುಟುಂಬಗಳಿಗೆ ಮನೆ ನಿವೇಶನಗಳನ್ನು ಒದಗಿಸಿದರು. ಕೊರಗ ಸಮುದಾಯದವರ ನೆಲೆಗಾಗಿಯೂ ಶ್ರಮಿಸಿದರು. ಸಹಕಾರ ಸಂಘದ ಮೂಲಕ ಸಣ್ಣ ಸಾಲಗಳು ದೊರೆಯುವಂತೆ ಮಾಡಿದರು.

ಯಾವ ವಿದ್ಯೆಗೆ ನೆರವು

ಅಕ್ಷರ ಮತ್ತು ಲೆಕ್ಕಗಳೊಂದಿಗೆ ನೇಯ್ಗೆ, ಮರಗೆಲಸ, ತೋಟಗಾರಿಕೆ, ರೇಷ್ಮೆ ಕೃಷಿ ಇವುಗಳನ್ನೂ ಮಿಷನ್ ಶಾಲೆಗಳಲ್ಲಿ ಕಲಿಸಲಾಯಿತು. ಓದು ಮುಗಿಸಿದ ಬಾಲಕನು ಮರಳಿ ಒಡೆಯನ ದನದ ಹಟ್ಟಿಗೇ ಹೋಗುವಂತಾದರೆ ಶಾಲೆಯಿಂದ ಫಲವಿಲ್ಲವೆಂಬುದು ರಂಗರಾಯರ ದೃಷ್ಟಿಯಾಗಿತ್ತು. ಮೇಲ್ಜಾತಿಯ ಕೆಲವು ಹಿತೈಷಿಗಳು ದಲಿತ ಮಕ್ಕಳಿಗೆ ಕೈಕಸುಬು ಮಾತ್ರ ಸಾಕೆಂದು ಭಾವಿಸುವುದು ಆ ಕಾಲದ ವಾಡಿಕೆ. ರಂಗರಾಯರು ಹಾಗೆ ಎಣಿಸಲಿಲ್ಲ. ಅವರ ಶಾಲೆಗಳಲ್ಲಿ ಓದಿದವರು ಅದೇ ಶಾಲೆಗಳಲ್ಲಿ ಶಿಕ್ಷಕರಾದರು. ಆ ಕಾಲಕ್ಕೆ ದಲಿತ ಶಿಕ್ಷಕನೊಬ್ಬನು ಕರಿಹಲಗೆಯ ಮುಂದೆ ನಿಲ್ಲುವುದೇ ದೊಡ್ಡ ಸಂಗತಿ. ಸರ್ಕಾರಿ ಹುದ್ದೆಗಳಿಗೂ ವಾಹನ ಚಾಲನೆಯಂತಹ ಹೊಸ ಉದ್ಯೋಗಗಳಿಗೂ ಇತರರು ಸೇರಿದರು.

ವಿದ್ಯೆಗಳಲ್ಲಿ ಇಂಥದ್ದು ನೆರವಿಗೆ ಅರ್ಹ, ಇಂಥದ್ದು ಅಲ್ಲ ಎಂಬ ವಿಂಗಡಣೆ ಇಂದಿನ ನಿಯಮಗಳಲ್ಲಿದೆ. ಆದರೆ ಮಾನ್ಯತೆ ಪಡೆದ ಕಸುಬಿನ ಶಿಕ್ಷಣವನ್ನು ಹೊರಗಿಟ್ಟಿಲ್ಲ. ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕಾಗಿ ವ್ಯಾಸಂಗಗಳನ್ನು ನಾಲ್ಕು ಗುಂಪುಗಳಾಗಿ ಮಾಡಲಾಗಿದೆ. ಎಂಜಿನಿಯರಿಂಗ್, ವೈದ್ಯಕೀಯ, ಕೃಷಿ, ಪಶುವೈದ್ಯಕೀಯ ಮುಂತಾದ ವೃತ್ತಿಪರ ಪದವಿ ಹಾಗೂ ಸ್ನಾತಕೋತ್ತರ ವ್ಯಾಸಂಗಗಳು ಮತ್ತು ಪಿಎಚ್.ಡಿ. ಸಂಶೋಧನೆ ಮೊದಲನೆಯ ಗುಂಪಿನವು. ಸುಳ್ಯದ ಎಂಜಿನಿಯರಿಂಗ್ ಅಥವಾ ವೈದ್ಯಕೀಯ ಕಾಲೇಜಿನ ಪದವಿ ವಿದ್ಯಾರ್ಥಿ ಈ ಗುಂಪಿಗೆ ಬರುತ್ತಾನೆ. ಔಷಧ ವಿಜ್ಞಾನ, ನರ್ಸಿಂಗ್, ಕಾನೂನು, ಅರೆವೈದ್ಯಕೀಯ, ಹೋಟೆಲ್ ನಿರ್ವಹಣೆ ಮುಂತಾದವು ಎರಡನೆಯ ಗುಂಪಿನಲ್ಲಿವೆ. ಬಿ.ಎ., ಬಿ.ಎಸ್ಸಿ., ಬಿ.ಕಾಂ. ಮುಂತಾದ ಸಾಮಾನ್ಯ ಪದವಿಗಳು ಮೂರನೆಯವು. ಪುತ್ತೂರಿನ ಸಂತ ಫಿಲೋಮಿನಾ ಕಾಲೇಜು (1958), ವಿವೇಕಾನಂದ ಕಾಲೇಜು (1965), ಸುಳ್ಯದ ನೆಹರೂ ಮೆಮೋರಿಯಲ್ ಕಾಲೇಜು (1976) ಇವುಗಳಲ್ಲಿ ಹಾಗೂ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಇಂತಹ ಪದವಿಗೆ ಓದುವವರು ಇದರಲ್ಲಿ ಸೇರುತ್ತಾರೆ. ಪಿ.ಯು.ಸಿ., ಐ.ಟಿ.ಐ., ಪಾಲಿಟೆಕ್ನಿಕ್ ಡಿಪ್ಲೊಮಾ ಹೀಗೆ ಹತ್ತನೆಯ ತರಗತಿಯ ನಂತರದ, ಪದವಿಯಲ್ಲದ ವ್ಯಾಸಂಗಗಳೆಲ್ಲ ನಾಲ್ಕನೆಯ ಗುಂಪಿನವು. ಮರಗೆಲಸ ಅಥವಾ ವೈರಿಂಗ್ ಕಲಿಯುವ ಐ.ಟಿ.ಐ. ವಿದ್ಯಾರ್ಥಿಯು ತನಗೆ ವಿದ್ಯಾರ್ಥಿವೇತನವಿಲ್ಲವೆಂದು ತಿಳಿದು ಅರ್ಜಿ ಸಲ್ಲಿಸದೆ ಇರುವುದು ಹಲವೆಡೆ ಕಂಡುಬಂದಿದೆ. ಅದು ತಪ್ಪು ತಿಳಿವಳಿಕೆ.

2021ರ ಮಾರ್ಗಸೂಚಿಯಂತೆ ವಾರ್ಷಿಕ ವ್ಯಾಸಂಗ ಭತ್ಯೆಯು ಮೊದಲನೆಯ ಗುಂಪಿನಲ್ಲಿ ವಿದ್ಯಾರ್ಥಿನಿಲಯದಲ್ಲಿರುವವರಿಗೆ ರೂ. 13,500, ಮನೆಯಿಂದ ಹೋಗಿಬರುವವರಿಗೆ ರೂ. 7,000 ಆಗಿದೆ. ಎರಡನೆಯದರಲ್ಲಿ ಕ್ರಮವಾಗಿ ರೂ. 9,500 ಮತ್ತು ರೂ. 6,500, ಮೂರನೆಯದರಲ್ಲಿ ರೂ. 6,000 ಮತ್ತು ರೂ. 3,000, ನಾಲ್ಕನೆಯದರಲ್ಲಿ ರೂ. 4,000 ಮತ್ತು ರೂ. 2,500. ಅಂಗವಿಕಲ ವಿದ್ಯಾರ್ಥಿಗಳಿಗೆ ಶೇಕಡಾ 10ರಷ್ಟು ಹೆಚ್ಚುವರಿ ಭತ್ಯೆಯಿದೆ. ದೂರಶಿಕ್ಷಣ ಮತ್ತು ಅಂಚೆ ಶಿಕ್ಷಣವೂ ನೆರವಿಗೆ ಅರ್ಹವಾಗಿವೆ. ದುಡಿಯುತ್ತಾ ಓದಿ ಪ್ಲೀಡರ್ ಆದ ರಂಗರಾಯರಂತಹವರ ಬಗ್ಗೆ ಯೋಚಿಸಿದಾಗ ಈ ಅವಕಾಶದ ಬೆಲೆ ತಿಳಿಯುತ್ತದೆ.

ಅರ್ಹವಲ್ಲದವುಗಳನ್ನೂ ಅರ್ಜಿದಾರರು ತಿಳಿದಿರಬೇಕು. ಸ್ಪರ್ಧಾತ್ಮಕ ಪರೀಕ್ಷೆಗಳ ಪೂರ್ವತಯಾರಿಯ ತರಬೇತಿ ಈ ವಿದ್ಯಾರ್ಥಿವೇತನದ ವ್ಯಾಪ್ತಿಗೆ ಬರುವುದಿಲ್ಲ. ಮಾನ್ಯತೆಯಿಲ್ಲದ ಸಂಸ್ಥೆಯ ಪ್ರಮಾಣಪತ್ರ ವ್ಯಾಸಂಗಕ್ಕೂ ನೆರವಿಲ್ಲ. ಪ್ರವೇಶ ಪಡೆಯುವ ಮೊದಲೇ ಸಂಸ್ಥೆಗೆ ವಿಶ್ವವಿದ್ಯಾಲಯದ ಅಥವಾ ಮಂಡಳಿಯ ಮಾನ್ಯತೆ ಇದೆಯೇ ಎಂದು ವಿಚಾರಿಸಿಕೊಳ್ಳುವುದು ಒಳಿತು. ಒಂದು ಹಂತದ ವ್ಯಾಸಂಗವನ್ನು ಮುಗಿಸಿದವರು ಅದೇ ಹಂತದಲ್ಲಿ ಬೇರೆ ವಿಷಯವನ್ನು ಓದಿದರೆ ಮತ್ತೆ ವಿದ್ಯಾರ್ಥಿವೇತನ ದೊರೆಯುವುದಿಲ್ಲ. ಬಿ.ಎ. ಮುಗಿಸಿ ಬಿ.ಕಾಂ.ಗೆ ಸೇರುವುದು, ಒಂದು ವಿಷಯದಲ್ಲಿ ಎಂ.ಎ. ಮಾಡಿ ಇನ್ನೊಂದು ವಿಷಯದಲ್ಲಿ ಎಂ.ಎ.ಗೆ ಸೇರುವುದು ಇದಕ್ಕೆ ಉದಾಹರಣೆಗಳು. ಪಿ.ಯು.ಸಿ. ಅಥವಾ ಪದವಿಗೆ ಸೇರುವಾಗಲೇ ವಿಷಯವನ್ನು ಯೋಚಿಸಿ ಆರಿಸಿಕೊಳ್ಳಬೇಕಾದ ಮುಖ್ಯ ಕಾರಣ ಇದು. ಒಂದು ವರ್ಷದ ಅವಸರದ ನಿರ್ಧಾರವು ಮುಂದಿನ ಮೂರು ವರ್ಷಗಳ ನೆರವನ್ನು ಕಳೆಯಬಹುದು.

ಹೆಣ್ಣುಮಕ್ಕಳ ಶಿಕ್ಷಣ

ರಂಗರಾಯರು ದಲಿತ ಹೆಣ್ಣುಮಕ್ಕಳಿಗಾಗಿ ವಿದ್ಯಾರ್ಥಿನಿಲಯವನ್ನು ನಡೆಸಿದರು. ದೂರದ ಹಳ್ಳಿಯ ಹುಡುಗಿ ಪ್ರತಿದಿನ ನಡೆದು ಶಾಲೆಗೆ ಬರುವುದು ಸಾಧ್ಯವಿಲ್ಲದಿದ್ದಾಗ ಊಟ ಮತ್ತು ವಸತಿಯೇ ಮುಖ್ಯವಾದ ಸಹಾಯವಾಗುತ್ತದೆ. ಭತ್ಯೆಯ ದರದಲ್ಲಿ ನಿಲಯವಾಸಿಗೂ ಮನೆಯಿಂದ ಹೋಗಿಬರುವವರಿಗೂ ಇಂದು ಇರುವ ವ್ಯತ್ಯಾಸದ ಹಿಂದೆ ಇರುವುದು ಇದೇ ತಿಳಿವು.

ಸ್ವಂತ ಮನೆಯಲ್ಲಿಯೂ ಅವರು ಆಡಿದಂತೆ ನಡೆದುಕೊಂಡರು. 1891ರಲ್ಲಿ ಜನಿಸಿದ ಮಗಳು ರಾಧಾಬಾಯಿಯವರು ಎಳೆಯ ವಯಸ್ಸಿನಲ್ಲೇ ವಿಧವೆಯಾದರು. ಅಂದಿನ ಪದ್ಧತಿಯಂತೆ ಅವರನ್ನು ಮನೆಯ ಮೂಲೆಗೆ ಸರಿಸದೆ ರಂಗರಾಯರು ಓದಿಸಿದರು. ರಾಧಾಬಾಯಿಯವರು ಮಂಗಳೂರಿನಲ್ಲಿಯೂ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿಯೂ ಬಳಿಕ ಆಕ್ಸ್‌ಫರ್ಡಿನ ಸೋಮರ್ವಿಲ್ ಕಾಲೇಜಿನಲ್ಲಿಯೂ ವ್ಯಾಸಂಗ ಮಾಡಿದರು. 1912ರಲ್ಲಿ ತಮಿಳುನಾಡಿನ ಕುಮಾರಮಂಗಲಂ ಜಮೀನುದಾರ ಮನೆತನದ ಡಾ. ಪಿ. ಸುಬ್ಬರಾಯನ್ ಅವರೊಂದಿಗೆ ಅವರ ವಿವಾಹ ನೆರವೇರಿತು. ಅದು ವಿಧವಾ ವಿವಾಹವೂ ಹೌದು, ಅಂತರ್ಜಾತೀಯ ವಿವಾಹವೂ ಹೌದು. ಸುಬ್ಬರಾಯನ್ 1926ರಿಂದ 1930ರವರೆಗೆ ಮದರಾಸು ಪ್ರಾಂತ್ಯದ ಮುಖ್ಯ ಮಂತ್ರಿಯಾಗಿದ್ದರು. ರಾಧಾಬಾಯಿಯವರು 1930ರಲ್ಲಿ ಲಂಡನ್ನಿನ ದುಂಡುಮೇಜಿನ ಪರಿಷತ್ತಿನಲ್ಲಿ ಭಾಗವಹಿಸಿದರು. 1938ರಲ್ಲಿ ಕೇಂದ್ರದ ಕೌನ್ಸಿಲ್ ಆಫ್ ಸ್ಟೇಟ್‌ಗೆ ಆಯ್ಕೆಯಾದ ಮೊದಲ ಮಹಿಳೆಯೆನಿಸಿದರು. ಅವರ ಮಕ್ಕಳಲ್ಲಿ ಜನರಲ್ ಪಿ.ಪಿ. ಕುಮಾರಮಂಗಲಂ 1966ರಿಂದ 1969ರವರೆಗೆ ಭಾರತದ ಭೂಸೇನೆಯ ಮುಖ್ಯಸ್ಥರಾಗಿದ್ದರು. ಮೋಹನ್ ಕುಮಾರಮಂಗಲಂ ಕೇಂದ್ರ ಸಚಿವರಾಗಿಯೂ ಪಾರ್ವತಿ ಕೃಷ್ಣನ್ ಲೋಕಸಭಾ ಸದಸ್ಯರಾಗಿಯೂ ಸೇವೆ ಸಲ್ಲಿಸಿದರು.

ಕೊನೆಯ ದಿನಗಳು

ಸರ್ಕಾರವು ರಂಗರಾಯರಿಗೆ ರಾವ್ ಸಾಹೇಬ್ ಬಿರುದನ್ನು ನೀಡಿ ಗೌರವಿಸಿತು. ವಯಸ್ಸಾದಂತೆ ಮಿಷನ್‌ನ ಮುಂದಿನ ಗತಿಯ ಚಿಂತೆ ಅವರನ್ನು ಕಾಡಿತು. ಒಬ್ಬ ವ್ಯಕ್ತಿಯ ಪರಿಶ್ರಮದಿಂದ ಬೆಳೆದ ಸಂಸ್ಥೆಗೆ ಆ ವ್ಯಕ್ತಿಯ ನಂತರದ ಕಾಲವೇ ಕಠಿಣ ಪರೀಕ್ಷೆ. ಮಿಷನ್‌ನ ಹೊಣೆಯನ್ನು ಗೋಪಾಲಕೃಷ್ಣ ಗೋಖಲೆಯವರು ಸ್ಥಾಪಿಸಿದ್ದ ಸರ್ವೆಂಟ್ಸ್ ಆಫ್ ಇಂಡಿಯಾ ಸೊಸೈಟಿಯು ವಹಿಸಿಕೊಂಡಿತು. 1927ರಲ್ಲಿ ರಂಗರಾಯರು ಸಂನ್ಯಾಸವನ್ನು ಸ್ವೀಕರಿಸಿ ಸ್ವಾಮಿ ಈಶ್ವರಾನಂದರೆಂಬ ಹೆಸರನ್ನು ಪಡೆದರು. 1928ರ ಜನವರಿ 30ರಂದು ನಿಧನರಾದರು. ತಮ್ಮ ಶವವನ್ನು ತೋಟಿಗಳೆಂದು ಕರೆಯಲ್ಪಡುತ್ತಿದ್ದ ಪೌರಕಾರ್ಮಿಕ ಜನರೇ ಹೊರಬೇಕೆಂದು ಅವರು ತಿಳಿಸಿದ್ದರು. ಅವರ ಇಚ್ಛೆಯಂತೆಯೇ ನಡೆಯಿತು. ಮಂಗಳೂರಿನ ನಂದಿಗುಡ್ಡೆಯಲ್ಲಿ ಅವರ ಸಮಾಧಿಯಿದೆ.

ಸ್ವಚ್ಛತಾ ಕಾರ್ಯದಲ್ಲಿ ಹಾಗೂ ಆರೋಗ್ಯಕ್ಕೆ ಅಪಾಯಕಾರಿಯಾದ ಇಂತಹ ಉದ್ಯೋಗಗಳಲ್ಲಿ ತೊಡಗಿರುವವರ ಮಕ್ಕಳಿಗಾಗಿ ಭಾರತ ಸರ್ಕಾರವು 1977–78ರಲ್ಲಿ ಪ್ರತ್ಯೇಕವಾದ ಮೆಟ್ರಿಕ್ ಪೂರ್ವ ವಿದ್ಯಾರ್ಥಿವೇತನವನ್ನು ಆರಂಭಿಸಿತು. ಒಂದರಿಂದ ಹತ್ತನೆಯ ತರಗತಿಯವರೆಗೆ ಅನ್ವಯಿಸುವ ಈ ನೆರವಿಗೆ ಕುಟುಂಬದ ಆದಾಯದ ಮಿತಿಯಿಲ್ಲ. ಪೋಷಕರ ಉದ್ಯೋಗವೇ ಅರ್ಹತೆ, ಜಾತಿಯಲ್ಲ. ಪುತ್ತೂರು ನಗರಸಭೆ, ಸುಳ್ಯ ಮತ್ತು ಕಡಬ ಪಟ್ಟಣ ಪಂಚಾಯಿತಿಗಳ ವ್ಯಾಪ್ತಿಯ ಪೌರಕಾರ್ಮಿಕರು ಇದನ್ನು ಗಮನಿಸತಕ್ಕದ್ದು.

ರಂಗರಾಯರು ನಿಧನರಾಗಿ ಆರು ವರ್ಷಗಳ ನಂತರ, 1934ರ ಫೆಬ್ರವರಿಯಲ್ಲಿ, ಹರಿಜನ ಪ್ರವಾಸದಲ್ಲಿದ್ದ ಮಹಾತ್ಮ ಗಾಂಧಿಯವರು ಕೊಡಗಿನಿಂದ ಘಟ್ಟವಿಳಿದು ಪುತ್ತೂರಿನ ಮಾರ್ಗವಾಗಿ ಮಂಗಳೂರಿಗೆ ಬಂದರು. ಪುತ್ತೂರಿನ ಗಾಂಧಿ ಕಟ್ಟೆಯು ಆ ಭೇಟಿಯ ನೆನಪನ್ನು ಉಳಿಸಿಕೊಂಡಿದೆ. ಮಂಗಳೂರಿನಲ್ಲಿ ಗಾಂಧೀಜಿಯವರು ರಂಗರಾಯರ ಮಿಷನ್ ಸಂಸ್ಥೆಯನ್ನು ಕಂಡು ಮೆಚ್ಚಿದರು. ನಗರದ ಪುರಭವನಕ್ಕೆ ರಂಗರಾಯರ ಹೆಸರನ್ನು ಇಡಲಾಗಿದೆ.

ಅರ್ಜಿದಾರರ ಗಮನಕ್ಕೆ

ವಿದ್ಯಾರ್ಥಿವೇತನದ ಅರ್ಜಿಗಳನ್ನು ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್ (ಎಸ್.ಎಸ್.ಪಿ.) ಮೂಲಕ ಸಲ್ಲಿಸತಕ್ಕದ್ದು. ನಾಡಕಚೇರಿಯಿಂದ ಪಡೆದ ಜಾತಿ ಪ್ರಮಾಣಪತ್ರ ಮತ್ತು ಆದಾಯ ಪ್ರಮಾಣಪತ್ರಗಳ ಆರ್.ಡಿ. ಸಂಖ್ಯೆಗಳನ್ನು ಅರ್ಜಿಯಲ್ಲಿ ನಮೂದಿಸಬೇಕಾಗುತ್ತದೆ. ಹಣವು ವಿದ್ಯಾರ್ಥಿಯ ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆಗೆ ನೇರವಾಗಿ ಜಮೆಯಾಗುವುದರಿಂದ, ಖಾತೆಗೆ ಆಧಾರ್ ಜೋಡಣೆ ಆಗಿರುವುದನ್ನು ಅರ್ಜಿ ಸಲ್ಲಿಸುವ ಮೊದಲೇ ಬ್ಯಾಂಕಿನಲ್ಲಿ ಖಚಿತಪಡಿಸಿಕೊಳ್ಳಬೇಕು. ಪ್ರಮಾಣಪತ್ರದಲ್ಲಿರುವ ಹೆಸರು, ಶಾಲಾ ದಾಖಲೆಯ ಹೆಸರು ಮತ್ತು ಆಧಾರ್‌ನ ಹೆಸರು ಒಂದೇ ಆಗಿರುವುದು ಅವಶ್ಯ. ಮನೆತನದ ಹೆಸರೋ ತಂದೆಯ ಹೆಸರಿನ ಮೊದಲಕ್ಷರವೋ ಒಂದು ದಾಖಲೆಯಲ್ಲಿದ್ದು ಮತ್ತೊಂದರಲ್ಲಿ ಇಲ್ಲದಿದ್ದರೆ ಅರ್ಜಿಯು ತಡೆಹಿಡಿಯಲ್ಪಡುವ ಸಂಭವವಿದೆ; ತಿದ್ದುಪಡಿಯನ್ನು ಪ್ರವೇಶಾತಿಯ ಮೊದಲೇ ಮಾಡಿಸಿಕೊಳ್ಳುವುದು ಸೂಕ್ತ.

ದರಗಳು, ಆದಾಯ ಮಿತಿ ಮತ್ತು ಕೊನೆಯ ದಿನಾಂಕಗಳು ಸರ್ಕಾರದ ಆದೇಶಗಳಿಗೆ ಒಳಪಟ್ಟು ಬದಲಾಗಬಹುದಾದುದರಿಂದ ಆಯಾ ವರ್ಷದ ಅಧಿಸೂಚನೆಯನ್ನು ನೋಡಿಕೊಳ್ಳತಕ್ಕದ್ದು. ವ್ಯಾಸಂಗವು ಯಾವ ಗುಂಪಿಗೆ ಸೇರುತ್ತದೆ ಎಂಬ ಬಗ್ಗೆ ಸಂದೇಹವಿದ್ದವರು ಪ್ರವೇಶ ಪಡೆಯುವುದಕ್ಕೆ ಮೊದಲೇ ತಮ್ಮ ಕಾಲೇಜಿನ ವಿದ್ಯಾರ್ಥಿವೇತನ ವಿಭಾಗದಲ್ಲಿ ಅಥವಾ ತಾಲ್ಲೂಕಿನ ಸಮಾಜ ಕಲ್ಯಾಣ ಇಲಾಖೆಯ ಕಚೇರಿಯಲ್ಲಿ ವಿಚಾರಿಸಬಹುದು. ಪರಿಶಿಷ್ಟ ಪಂಗಡದ ವಿದ್ಯಾರ್ಥಿಗಳಿಗೂ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೂ ಪ್ರತ್ಯೇಕ ಇಲಾಖೆಗಳ ಯೋಜನೆಗಳಿದ್ದು, ಅವರು ಸಂಬಂಧಪಟ್ಟ ಇಲಾಖೆಯ ಕಚೇರಿಯನ್ನು ಸಂಪರ್ಕಿಸುವುದು.